ಹೊಗೆ ಹಾಕಿದರೂ ಸಿಗದ ಲೀಕ್: ಒಂದು ಪಿ0442 ಪ್ರಕರಣ

ಕಾರು 2012ರ ಮಾಡೆಲ್ ಸೆಡಾನ್. ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಒಂದು ಲಕ್ಷ ಮೈಲಿ ದಾಟಿದೆ. ಕೊಂಡಾಗಿನಿಂದ ಷಿಕಾಗೋದ ಪಶ್ಚಿಮದ ಉಪನಗರಗಳಲ್ಲೇ ಓಡಿದೆ. ಅಂದರೆ ಪ್ರತಿ ಚಳಿಗಾಲದಲ್ಲೂ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು, ನೀರಿನ ಜೊತೆ ಸೇರಿ ಇದರ ಅಡಿಭಾಗಕ್ಕೆ ಎರಚಿದೆ. ಒಡತಿ ದಾವಣಗೆರೆ ಕಡೆಯವರು. ಕಾರು ಓಡುವುದರಲ್ಲಿ ಯಾವ ತೊಂದರೆಯೂ ಇಲ್ಲ. ಮೈಲೇಜ್ ಚೆನ್ನಾಗಿದೆ, ಪೆಟ್ರೋಲ್ ವಾಸನೆ ಇಲ್ಲ. ಇರುವ ದೂರು ಒಂದೇ, ಚೆಕ್ ಇಂಜಿನ್ ಲೈಟ್. ಕಾರಿನ ಕಂಪ್ಯೂಟರ್ ಕೊಟ್ಟ ಕೋಡ್ ಪಿ0442, ಅಂದರೆ ಪೆಟ್ರೋಲ್ ಆವಿ ಹಿಡಿದಿಡುವ ವ್ಯವಸ್ಥೆಯಲ್ಲಿ ಎಲ್ಲೋ ಸಣ್ಣ ಲೀಕ್ ಇದೆ ಎಂದರ್ಥ.

ಓಡಾಡಲು ತೊಂದರೆ ಇಲ್ಲದಿದ್ದರೆ ಲೈಟ್ ಇದ್ದರೇನು ಎಂದು ಕೇಳಬಹುದು. ಇಲಿನಾಯ್ ರಾಜ್ಯದ ಷಿಕಾಗೋ ಸುತ್ತಮುತ್ತ ಎರಡು ವರ್ಷಕ್ಕೊಮ್ಮೆ ಕಾರಿನ ಎಮಿಷನ್ ಪರೀಕ್ಷೆ ಮಾಡಿಸಬೇಕು. ಚೆಕ್ ಇಂಜಿನ್ ಲೈಟ್ ಉರಿಯುತ್ತಿದ್ದರೆ ಫೇಲ್. ಫೇಲ್ ಆದರೆ ನಂಬರ್ ಪ್ಲೇಟ್ ನವೀಕರಣ ಇಲ್ಲ. ಇವರಿಗೆ ಪರೀಕ್ಷೆಯ ಪತ್ರ ಬಂದಾಗಿತ್ತು, ಏಪ್ರಿಲ್ ಕೊನೆಯೊಳಗೆ ಮುಗಿಸಬೇಕಿತ್ತು.

ಅಷ್ಟರಲ್ಲಿ ಕಾರು ಒಂದೇ ಗ್ಯಾರೇಜಿಗೆ ಮತ್ತೆ ಮತ್ತೆ ಹೋಗಿ ಬಂದಿತ್ತು. ನವೆಂಬರಿನಲ್ಲಿ ಲೈಟ್ ಮೊದಲು ಬಂದಾಗ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬದಲಿಸಿ ಕೋಡ್ ಅಳಿಸಿದರು. ಡಿಸೆಂಬರ್ ಹೊತ್ತಿಗೆ ಮತ್ತೆ ಬಂತು. ಆವಿಯನ್ನು ಇಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಬದಲಿಸಿದರು. ಜನವರಿ, ಫೆಬ್ರವರಿ ಪೂರ್ತಿ ಲೈಟ್ ಬರಲಿಲ್ಲ. ಸರಿಹೋಯಿತು ಎಂದು ಎಲ್ಲರೂ ನಂಬಿದರು. ಮಾರ್ಚಿನಲ್ಲಿ ಮತ್ತೆ ಬಂತು. ಈ ಸಲ ಹೊಗೆ ಪರೀಕ್ಷೆ ಮಾಡಿದರು, ಅಂದರೆ ಆವಿಯ ಪೈಪುಗಳಿಗೆ ಹೊಗೆ ತುಂಬಿ ಎಲ್ಲಿಂದ ಹೊರಬರುತ್ತದೆ ಎಂದು ನೋಡಿದರು. ಎಲ್ಲೂ ಹೊಗೆ ಬರಲಿಲ್ಲ. ಹಾಗಾದರೆ ಆವಿ ಹೀರುವ ಡಬ್ಬಿ, ಅಂದರೆ ಕ್ಯಾನಿಸ್ಟರ್ ಒಳಗೇ ಏನೋ ಆಗಿರಬೇಕು, ಅದನ್ನೇ ಬದಲಿಸೋಣ ಎಂದು ಅಂದಾಜು ಕೊಟ್ಟರು. ಆಗ ನನಗೆ ಒಡತಿಯ ಫೋನ್ ಬಂತು. "ಅಣ್ಣಾ, ಮತ್ತೆ ಲೈಟ್ ಬಂದಿದೆ. ಈ ಸಲ ಏಳುನೂರು ಡಾಲರ್ ಅಂತಿದ್ದಾರೆ. ಅದನ್ನ ಹಾಕಿಸಿದ್ರೆ ಹೋಗುತ್ತಾ?"

ಹೋಗುತ್ತೆ ಎಂದು ಹೇಳುವುದಕ್ಕೆ ಯಾವ ಆಧಾರವೂ ಇರಲಿಲ್ಲ. ಪಿ0442 ಎಂಬ ಕೋಡು ಲೀಕ್ ಇದೆ ಎನ್ನುತ್ತದೆ, ಎಲ್ಲಿದೆ ಎನ್ನುವುದಿಲ್ಲ. ಮುಚ್ಚಳ, ಟ್ಯಾಂಕಿಗೆ ಇಳಿಯುವ ಪೈಪು, ಟ್ಯಾಂಕಿನ ಮೇಲಿರುವ ಪಂಪಿನ ಸೀಲ್, ರಬ್ಬರ್ ಹೋಸ್‌ಗಳು, ಕ್ಯಾನಿಸ್ಟರ್, ಎರಡು ವಾಲ್ವ್‌ಗಳು, ಪ್ರೆಷರ್ ಸೆನ್ಸರ್, ಇಷ್ಟರಲ್ಲಿ ಯಾವುದೂ ಆಗಿರಬಹುದು. ಕೋಡ್ ನೋಡಿ ಪಾರ್ಟ್ ಕೊಳ್ಳುವುದು ಅಂದರೆ ಒಂದೊಂದಕ್ಕೂ ಲಾಟರಿ ಟಿಕೆಟ್ ತಗೊಂಡಂತೆ.

ಮುಂದಿನದು ಅರ್ಥವಾಗಬೇಕಾದರೆ ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿರಬೇಕು. ಟ್ಯಾಂಕಿನಲ್ಲಿರುವ ಪೆಟ್ರೋಲ್ ಸುಮ್ನೆ ನಿಂತಿದ್ದರೂ ಆವಿಯಾಗುತ್ತಿರುತ್ತದೆ. ಆ ಆವಿ ಹೊರಗೆ ಹೋದರೆ ಬಿಸಿಲಿನಲ್ಲಿ ನೈಟ್ರೋಜನ್ ಆಕ್ಸೈಡುಗಳ ಜೊತೆ ಸೇರಿ ನೆಲಮಟ್ಟದ ಓಝೋನ್ ಆಗುತ್ತದೆ. ಉಸಿರಾಟಕ್ಕೆ ಅದು ಕೆಟ್ಟದ್ದು. ಅದಕ್ಕೇ ಕ್ಯಾಲಿಫೋರ್ನಿಯಾ 1970ರ ಮಾಡೆಲ್‌ನಿಂದ, ಇಡೀ ಅಮೆರಿಕ 1971ರಿಂದ, ಆವಿ ಹಿಡಿಯುವ ಏರ್ಪಾಡನ್ನು ಕಡ್ಡಾಯ ಮಾಡಿದವು. ವಿಶೇಷವಾಗಿ ತಯಾರಿಸಿದ ಇದ್ದಿಲು ತುಂಬಿದ ಒಂದು ಡಬ್ಬಿ ಆ ಆವಿಯನ್ನು ಹೀರಿಕೊಳ್ಳುತ್ತದೆ. ಅದೇ ಕ್ಯಾನಿಸ್ಟರ್. ಇಂಜಿನ್ ಓಡುವಾಗ ಬಾನೆಟ್ ಕೆಳಗಿರುವ ಪರ್ಜ್ ವಾಲ್ವ್ ತೆರೆಯುತ್ತದೆ. ಇಂಜಿನ್ನಿನ ವ್ಯಾಕ್ಯೂಮ್ ಆವಿಯನ್ನು ಎಳೆದುಕೊಂಡು ಸುಡುತ್ತದೆ. ಅದರ ಜಾಗಕ್ಕೆ ಹೊರಗಿನ ಗಾಳಿ ಬರುವುದು ಹಿಂದುಗಡೆ ಕ್ಯಾನಿಸ್ಟರ್ ಹತ್ತಿರ ಇರುವ ವೆಂಟ್ ವಾಲ್ವ್ ಮೂಲಕ. ವೆಂಟ್ ವಾಲ್ವ್ ಯಾವಾಗಲೂ ತೆರೆದೇ ಇರುತ್ತದೆ. ಲೀಕ್ ಪರೀಕ್ಷೆ ಮಾಡುವಾಗ ಮಾತ್ರ ಕಂಪ್ಯೂಟರ್ ಅದನ್ನು ಮುಚ್ಚುತ್ತದೆ.

ಆ ಪರೀಕ್ಷೆ ಕಂಪನಿಯಿಂದ ಕಂಪನಿಗೆ ಬೇರೆ. ಟೊಯೋಟಾದ ಹಲವು ಕಾರುಗಳಲ್ಲಿ ಇದಕ್ಕೆಂದೇ ಪುಟ್ಟ ಪಂಪ್ ಇದೆ. ಕಾರು ನಿಲ್ಲಿಸಿ ಐದು ಗಂಟೆಯಾದ ಮೇಲೆ ಕಂಪ್ಯೂಟರ್ ತಾನಾಗಿ ಎದ್ದು ಪಂಪ್ ಓಡಿಸುತ್ತದೆ. ರಾತ್ರಿ ಕಾರಿನ ಹಿಂದಿನಿಂದ ಗುಂಯ್ ಅನ್ನುತ್ತಿದೆ ಎಂದು ಗಾಬರಿಯಾಗುವವರು ಇದ್ದಾರೆ, ಅದು ಇದೇ ಶಬ್ದ. ಈ ಪ್ರಕರಣದ ಕಾರಿನಲ್ಲಿ ಪಂಪ್ ಇಲ್ಲ. ಇಲ್ಲಿ ಇಂಜಿನ್ನಿನ ವ್ಯಾಕ್ಯೂಮೇ ಸಾಧನ. ವೆಂಟ್ ಮುಚ್ಚಿ, ಪರ್ಜ್ ತೆರೆದು ಟ್ಯಾಂಕಿನ ಗಾಳಿ ಎಳೆಯುತ್ತದೆ. ಆಮೇಲೆ ಪರ್ಜ್ ಕೂಡ ಮುಚ್ಚಿ, ಒತ್ತಡ ಎಷ್ಟು ಬೇಗ ಮೇಲೇರುತ್ತದೆ ಎಂದು ನೋಡುತ್ತದೆ. ಕಾರು ತನ್ನ ದೋಷವನ್ನು ತಾನೇ ಪತ್ತೆ ಮಾಡುವ ಒಬಿಡಿ-2 ವ್ಯವಸ್ಥೆ 1996ರಲ್ಲಿ ಅಮೆರಿಕದ ಎಲ್ಲ ಹೊಸ ಕಾರಿಗೂ ಬಂದ ಕಾಲದ ಅಳತೆ 1 ಮಿಲಿಮೀಟರ್ ತೂತು. ಪಿ0442 ಹೇಳುವುದು ಆ ಗಾತ್ರದ್ದನ್ನು. 2000ರ ಮಾಡೆಲ್‌ನಿಂದ ಹಂತ ಹಂತವಾಗಿ ಅರ್ಧ ಮಿಲಿಮೀಟರ್ ತೂತನ್ನೂ ಪತ್ತೆ ಮಾಡಬೇಕು ಎಂದಾಯಿತು, ಅದಕ್ಕೆ ಪಿ0456. ಮುಚ್ಚಳವೇ ಹಾಕಿಲ್ಲದಷ್ಟು ದೊಡ್ಡ ಲೀಕ್ ಆದರೆ ಪಿ0455. ಇಡೀ ಟ್ಯಾಂಕು, ಅಷ್ಟುದ್ದದ ಪೈಪುಗಳಲ್ಲಿ ಅರ್ಧ ಮಿಲಿಮೀಟರ್ ತೂತನ್ನು ಕಾರು ತಾನೇ ಕಂಡುಹಿಡಿಯುತ್ತದೆ. ಇದು ನಿಜಕ್ಕೂ ದೊಡ್ಡ ಎಂಜಿನಿಯರಿಂಗ್.

ಕಾರು ಮುಟ್ಟುವ ಮೊದಲು ಒಡತಿಯನ್ನು ಕೇಳಿದ ಪ್ರಶ್ನೆಗಳೇ ಅರ್ಧ ಕೆಲಸ ಮಾಡಿದವು. ಪೆಟ್ರೋಲ್ ಹಾಕಿಸಿದ ತಕ್ಷಣ ಇಂಜಿನ್ ಸ್ಟಾರ್ಟ್ ಆಗಲು ತಿಣುಕುತ್ತದಾ? ಇಲ್ಲ. ಹಾಗಾದರೆ ಪರ್ಜ್ ವಾಲ್ವ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿರಲಿಕ್ಕಿಲ್ಲ. ಪೆಟ್ರೋಲ್ ಹಾಕುವಾಗ ಪಂಪು ಪದೇ ಪದೇ ಟಕ್ ಅಂತ ನಿಲ್ಲುತ್ತದಾ? ಇಲ್ಲ. ಅಂದರೆ ವೆಂಟ್ ದಾರಿ ಕಟ್ಟಿಕೊಂಡಿಲ್ಲ, ಟ್ಯಾಂಕಿನ ಗಾಳಿ ಸರಾಗವಾಗಿ ಹೊರಗೆ ಹೋಗುತ್ತಿದೆ. ಆ ದಾರಿ ಕಟ್ಟುವುದು ಏನೂ ಅಪರೂಪವಲ್ಲ. 2011ರಲ್ಲಿ ಮಜ್ದಾ ಕಂಪನಿ ಅಮೆರಿಕದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಜ್ದಾ 6 ಕಾರುಗಳನ್ನು ವಾಪಸ್ ಕರೆದದ್ದು ಜೇಡರ ಬಲೆಯಿಂದ. ಪೆಟ್ರೋಲ್ ವಾಸನೆಗೆ ಬರುತ್ತದೆ ಎನ್ನಲಾದ ಒಂದು ಬಗೆಯ ಹಳದಿ ಜೇಡ ವೆಂಟ್ ಪೈಪಿನೊಳಗೆ ಬಲೆ ಕಟ್ಟುತ್ತಿತ್ತು.

ಇನ್ನೊಂದು ಪ್ರಶ್ನೆ ಕ್ಯಾನಿಸ್ಟರ್ ಬಗ್ಗೆ. ಪಂಪು ಟಕ್ ಅಂತ ನಿಂತ ಮೇಲೂ ಇನ್ನಷ್ಟು ತುಂಬಿಸುತ್ತೀರಾ? "ಇಲ್ಲ ಅಣ್ಣಾ, ನಿಂತ ಮೇಲೆ ತೆಗೆದುಬಿಡ್ತೀನಿ." ಒಳ್ಳೆಯದು. ನಮ್ಮೂರ ಬಂಕುಗಳಲ್ಲಿ "ರೌಂಡ್ ಫಿಗರ್ ಮಾಡ್ಲಾ ಸಾರ್?" ಎಂದು ಕೇಳಿ ಕುತ್ತಿಗೆವರೆಗೂ ತುಂಬಿಸುವ ಅಭ್ಯಾಸ ಜಾಸ್ತಿ. ಹಾಗೆ ಮಾಡಿದರೆ ಆವಿಯ ಬದಲು ಪೆಟ್ರೋಲೇ ಕ್ಯಾನಿಸ್ಟರಿಗೆ ನುಗ್ಗಿ ಇದ್ದಿಲು ಹಾಳಾಗುತ್ತದೆ. ಭಾರತದ ಪೆಟ್ರೋಲ್ ಕಾರುಗಳಲ್ಲೂ ಕ್ಯಾನಿಸ್ಟರ್ ಇದೆ. ಬಿಎಸ್-6 ನಿಯಮದಲ್ಲಿ ಆವಿ ಪರೀಕ್ಷೆಗೆ 2 ಗ್ರಾಂ ಮಿತಿಯೂ ಇದೆ. ದಯವಿಟ್ಟು ಊರಲ್ಲೂ ರೌಂಡ್ ಫಿಗರ್ ಬೇಡ ಎನ್ನಿ.

ಇಷ್ಟಾದ ಮೇಲೆ ತಿಂಗಳುಗಳ ಲೆಕ್ಕ ಹಾಕಿದೆವು. ನವೆಂಬರ್, ಡಿಸೆಂಬರ್ ಶುರುವಿನಲ್ಲಿ ಲೈಟ್ ಇದೆ. ಜನವರಿ, ಫೆಬ್ರವರಿಯಲ್ಲಿ ಇಲ್ಲ. ಮಾರ್ಚಿನಲ್ಲಿ ಮತ್ತೆ ಇದೆ. ಇದನ್ನು ಗ್ಯಾರೇಜಿನವರು "ಬಂದು ಹೋಗುವ ಲೀಕ್" ಎಂದು ಬರೆದಿದ್ದರು. ನನಗೆ ಬೇರೆ ಅನುಮಾನ ಬಂತು. ಲೀಕ್ ಪರೀಕ್ಷೆಯನ್ನು ಕಾರು ಯಾವಾಗ ಬೇಕಾದರೆ ಆವಾಗ ಮಾಡುವುದಿಲ್ಲ. ಟ್ಯಾಂಕ್ ಸುಮಾರು ಶೇ. 15ರಿಂದ 85ರಷ್ಟು ತುಂಬಿರಬೇಕು. ಕಾರು ಗಂಟೆಗಟ್ಟಲೆ ನಿಂತು ಇಂಜಿನ್ ತಣ್ಣಗಾಗಿರಬೇಕು. ಹೊರಗಿನ ಉಷ್ಣತೆಗೂ ಮಿತಿ ಇದೆ, ಬಹಳ ಕಾರುಗಳಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಪರೀಕ್ಷೆಯೇ ನಡೆಯುವುದಿಲ್ಲ. ಷಿಕಾಗೋದಲ್ಲಿ ಜನವರಿಯ ಬೆಳಗಿನ ಹೊತ್ತು 4 ಡಿಗ್ರಿ ದಾಟುವುದು ಅಪರೂಪ. ಡಿಸೆಂಬರ್ ಕೊನೆಯಲ್ಲಿ ಕೋಡ್ ಅಳಿಸಿದರು. ಆಮೇಲೆ ಚಳಿ ಬಿಡುವವರೆಗೂ ಕಾರು ಪರೀಕ್ಷೆ ಮಾಡಲೇ ಇಲ್ಲ. ಪರೀಕ್ಷೆ ಇಲ್ಲ, ಕೋಡ್ ಇಲ್ಲ, ಲೈಟ್ ಇಲ್ಲ. ಲೀಕ್ ಮಾತ್ರ ಇದ್ದೇ ಇತ್ತು.

ಕಾರು ತಾನೇ ಮಾಡಿಕೊಳ್ಳುವ ಪ್ರತಿ ಪರೀಕ್ಷೆಗೂ ಮಾನಿಟರ್ ಎನ್ನುತ್ತಾರೆ, ಯಾವುದು ಮುಗಿದಿದೆ ಎಂದು ತೋರಿಸುವ ಪಟ್ಟಿ ರೆಡಿನೆಸ್. ಅಂದು ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ರೆಡಿನೆಸ್ ನೋಡಿದ್ದರೆ ಇವ್ಯಾಪ್, ಅಂದರೆ ಆವಿ ವ್ಯವಸ್ಥೆಯ ಮಾನಿಟರ್ "ಅಪೂರ್ಣ" ಎಂದು ತೋರಿಸುತ್ತಿತ್ತು. ಲೈಟ್ ಇಲ್ಲ ಅಂದರೆ ರಿಪೇರಿ ಆಯಿತು ಎಂದಲ್ಲ. ಮಾನಿಟರ್ ಪೂರ್ಣಗೊಂಡು, ಕೋಡ್ ಬಾರದಿದ್ದರೆ ಮಾತ್ರ ರಿಪೇರಿ ಆಯಿತು ಎನ್ನಬಹುದು.

ಒಡತಿ ರಾತ್ರಿಯೇ ಕಾರು ನಮ್ಮ ಮನೆ ಮುಂದೆ ಬಿಟ್ಟು ಹೋದರು. ಬೆಳಿಗ್ಗೆ ಟ್ಯಾಂಕ್ ಪೂರ್ತಿ ತಣ್ಣಗಿರಬೇಕು ಎನ್ನುವುದು ಅದಕ್ಕೆ ಕಾರಣ. ಮೊದಲ ಕೆಲಸ, ಟ್ಯಾಂಕಿನ ಪ್ರೆಷರ್ ಸೆನ್ಸರ್ ನಿಜ ಹೇಳುತ್ತಿದೆಯಾ ಎಂದು ನೋಡುವುದು. ಮುಚ್ಚಳ ತೆಗೆದು, ಕೀ ಆನ್ ಮಾಡಿದರೆ ರೀಡಿಂಗ್ ಸೊನ್ನೆ ಹತ್ತಿರ ಇರಬೇಕು. ಇತ್ತು. ಸೆನ್ಸರ್ ತಪ್ಪು ತೋರಿಸುತ್ತಿದ್ದರೆ ಮುಂದಿನ ಎಲ್ಲ ಪರೀಕ್ಷೆಯೂ ವ್ಯರ್ಥ. ನಂತರ ಪರ್ಜ್ ವಾಲ್ವ್. ಇಂಜಿನ್ ಐಡಲ್‌ನಲ್ಲಿ ಇಟ್ಟು, ಕ್ಯಾನಿಸ್ಟರ್ ಕಡೆಯ ಹೋಸ್ ಬಿಚ್ಚಿ ವಾಲ್ವಿನ ಬಾಯಿಗೆ ಬೆರಳಿಟ್ಟರೆ ಎಳೆತ ಇರಬಾರದು. ಇರಲಿಲ್ಲ. ಆ ಹೋಸಿನಲ್ಲಿ ಕಪ್ಪು ಇದ್ದಿಲಿನ ಕಾಳುಗಳೂ ಇರಲಿಲ್ಲ. ಒಡೆದ ಕ್ಯಾನಿಸ್ಟರ್ ಹೆಚ್ಚಾಗಿ ಅಂಥ ಕಾಳುಗಳಿಂದಲೇ ಗುಟ್ಟು ಬಿಟ್ಟುಕೊಡುತ್ತದೆ. ಏಳುನೂರು ಡಾಲರಿನ ಮೇಲೆ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ನಂತರ ಕಾರು ತಾನು ಮಾಡುವ ಪರೀಕ್ಷೆಯನ್ನೇ ನಾವು ಕೈಯಿಂದ ಮಾಡಿದೆವು. ಸ್ಕ್ಯಾನರಿನಿಂದ ಆಜ್ಞೆ ಕೊಟ್ಟು ವೆಂಟ್ ವಾಲ್ವ್ ಮುಚ್ಚಿಸಿದೆವು. ಹಿಂದಿನಿಂದ ಟಕ್ ಎನ್ನುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಪರ್ಜ್ ತೆರೆದೆವು. ಒತ್ತಡ ನಿಧಾನಕ್ಕೆ ಇಳಿದು ಮೈನಸ್ 8 ಇಂಚು ನೀರಿನ ಮಟ್ಟಕ್ಕೆ ಬಂತು. ಇದು ಎಷ್ಟು ಕಡಿಮೆ ಒತ್ತಡ ಎಂದರೆ, ಟೈರಿನ ಗಾಳಿ ಅಳೆಯುವ 1 ಪಿಎಸ್‌ಐ ಅಂದರೇ ಸುಮಾರು 28 ಇಂಚು ನೀರು. ಪರ್ಜ್ ಮುಚ್ಚಿ ನೋಡಿದರೆ, ಒಂದು ನಿಮಿಷದೊಳಗೆ ರೀಡಿಂಗ್ ಸೊನ್ನೆಗೆ ಬಂದು ನಿಂತಿತು.

ಹೊಗೆ ಪರೀಕ್ಷೆ ಲೀಕ್ ಇಲ್ಲ ಎಂದಿತ್ತು. ವ್ಯಾಕ್ಯೂಮ್ ಪರೀಕ್ಷೆ ಲೀಕ್ ಇದೆ ಎನ್ನುತ್ತಿದೆ. ಎರಡೂ ನಿಜ ಇರಬಹುದಾ?

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ವ್ಯಾಕ್ಯೂಮ್ ಇಳಿಯಿತು ಅಂದ ಮಾತ್ರಕ್ಕೆ ಲೀಕ್ ಎಂದು ಹೇಳಲಾಗದು. ಟ್ಯಾಂಕ್ ಬೆಚ್ಚಗಿದ್ದರೆ ಪೆಟ್ರೋಲ್ ಆವಿಯಾಗಿಯೂ ಒತ್ತಡ ಏರುತ್ತದೆ. ಚಳಿಗಾಲದ ಪೆಟ್ರೋಲ್ ಇನ್ನೂ ಸುಲಭವಾಗಿ ಆವಿಯಾಗುತ್ತದೆ, ಚಳಿಯಲ್ಲಿ ಇಂಜಿನ್ ಬೇಗ ಸ್ಟಾರ್ಟ್ ಆಗಲಿ ಎಂದೇ ಅದನ್ನು ಹಾಗೆ ತಯಾರಿಸುತ್ತಾರೆ. ಎರಡನ್ನೂ ಬೇರ್ಪಡಿಸುವ ಗುರುತು ಒಂದಿದೆ. ಆವಿಯಿಂದ ಏರಿದ ಒತ್ತಡ ಸೊನ್ನೆ ದಾಟಿ ಮೇಲಕ್ಕೂ ಹೋಗಬಹುದು. ಲೀಕಿನಿಂದ ಏರಿದ್ದು ಸೊನ್ನೆಯಲ್ಲೇ ನಿಲ್ಲುತ್ತದೆ. ಹೊರಗಿನ ಗಾಳಿಯ ಒತ್ತಡವೇ ಅದರ ಮಿತಿ ಅಲ್ವಾ? ತಣ್ಣನೆಯ ಬೆಳಿಗ್ಗೆ ಈ ಪರೀಕ್ಷೆ ಮಾಡಿದ್ದು ಇದಕ್ಕೇ. ನಮ್ಮ ರೀಡಿಂಗ್ ಸೊನ್ನೆ ಬಿಟ್ಟು ಕದಲಲಿಲ್ಲ.

ಈ ಕಾರಿನಲ್ಲಿ ಕ್ಯಾನಿಸ್ಟರಿಗೂ ವೆಂಟ್ ವಾಲ್ವಿಗೂ ನಡುವೆ ಗಿಡ್ಡನೆಯ ರಬ್ಬರ್ ಹೋಸ್ ಇದೆ. ರಬ್ಬರಿಗೆ ಪೆಟ್ಟಾಗದ ಕ್ಲಾಂಪಿನಿಂದ ಅದನ್ನು ಒತ್ತಿ ಹಿಡಿದು ಅದೇ ಪರೀಕ್ಷೆ ಮತ್ತೆ ಮಾಡಿದೆವು. ಪ್ಲಾಸ್ಟಿಕ್ ಪೈಪ್ ಇರುವ ಕಾರಿನಲ್ಲಿ ಹೀಗೆ ಒತ್ತಬಾರದು, ಒಡೆದುಹೋಗುತ್ತದೆ. ಈ ಸಲ ವ್ಯಾಕ್ಯೂಮ್ ನಿಂತಿತು. ಹತ್ತು ನಿಮಿಷ ಕಾದರೂ ಅಲುಗಲಿಲ್ಲ. ಮುಚ್ಚಳ, ಟ್ಯಾಂಕು, ಪೈಪು, ಸೀಲು, ಕ್ಯಾನಿಸ್ಟರ್, ಪರ್ಜ್, ಎಲ್ಲವೂ ಸರಿ ಇವೆ ಎಂದು ಒಂದೇ ಏಟಿಗೆ ಗೊತ್ತಾಯಿತು. ಲೀಕ್ ಇರುವುದು ಕ್ಲಾಂಪಿನ ಆಚೆ. ಅಲ್ಲಿರುವುದು ವೆಂಟ್ ವಾಲ್ವ್ ಒಂದೇ.

ನವೆಂಬರಿನಲ್ಲಿ ತೆಗೆದಿಟ್ಟ ಹಳೆಯ ಮುಚ್ಚಳ ಇನ್ನೂ ಡಿಕ್ಕಿಯಲ್ಲೇ ಇತ್ತು. ಅದನ್ನೂ ಹಾಕಿ ನೋಡಿದೆವು. ವ್ಯಾಕ್ಯೂಮ್ ಹಾಗೇ ನಿಂತಿತು. ಪಾಪ, ಅದು ಯಾವತ್ತೂ ಕೆಟ್ಟಿರಲೇ ಇಲ್ಲ.

ಹಾಗಾದರೆ ಹೊಗೆ ಪರೀಕ್ಷೆಯಲ್ಲಿ ಯಾಕೆ ಸಿಗಲಿಲ್ಲ? ಉತ್ತರ ಒಡತಿಯ ಫೋನಿನಲ್ಲೇ ಇತ್ತು. ಈಗ ಬಹಳ ಗ್ಯಾರೇಜುಗಳು ಪರೀಕ್ಷೆಯ ವಿಡಿಯೋ ತೆಗೆದು ಗಿರಾಕಿಗೆ ಕಳಿಸುತ್ತವೆ. ಆ ವಿಡಿಯೋದಲ್ಲಿ ಮೆಕ್ಯಾನಿಕ್ ಟಾರ್ಚ್ ಹಿಡಿದು ಟ್ಯಾಂಕ್, ಪೈಪು, ಕ್ಯಾನಿಸ್ಟರ್ ಎಲ್ಲವನ್ನೂ ತಾಳ್ಮೆಯಿಂದ ತೋರಿಸುತ್ತಾರೆ. ಮೂಲೆಯಲ್ಲಿ ಅದೇ ರಬ್ಬರ್ ಹೋಸಿನ ಮೇಲೆ ಕ್ಲಾಂಪ್ ಕೂತಿದೆ. ವೆಂಟ್ ವಾಲ್ವ್ ಸಾಮಾನ್ಯವಾಗಿ ತೆರೆದಿರುವುದರಿಂದ ಅದನ್ನು ಮುಚ್ಚದೆ ಹೊಗೆ ಹಾಕಿದರೆ ಎಲ್ಲ ಅಲ್ಲಿಂದಲೇ ಹೊರಗೆ ಬರುತ್ತದೆ. ಸ್ಕ್ಯಾನರಿನಿಂದ ವಾಲ್ವ್ ಮುಚ್ಚಿಸುವ ಬದಲು ಅವರು ಹೋಸನ್ನೇ ಒತ್ತಿ ಹಿಡಿದಿದ್ದರು. ಕೊಡದ ತೂತಿಗೆ ಬೆರಳಿಟ್ಟುಕೊಂಡು ನೀರು ತುಂಬಿಸಿ, ಕೊಡ ಸೋರುತ್ತಿಲ್ಲ ಅಂದ ಹಾಗಾಯಿತು. ಅವರ ಕಣ್ಣು ತಪ್ಪಿರಲಿಲ್ಲ. ಕೆಟ್ಟ ಭಾಗವನ್ನು ಪರೀಕ್ಷೆಯೇ ಹೊರಗಿಟ್ಟಿತ್ತು. ಹೊಗೆ ಪರೀಕ್ಷೆ ಮಾಡುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಪರೀಕ್ಷೆಗೆಂದು ನಾವು ಏನನ್ನಾದರೂ ಮುಚ್ಚಿದರೆ, ಆ ಭಾಗದ ಬಗ್ಗೆ ನಮಗೆ ಏನೂ ಗೊತ್ತಾಗಿಲ್ಲ ಎಂದು ಬರೆದಿಡಬೇಕು. ಪರ್ಜ್ ಕಡೆಗೂ ಇದೇ ಮಾತು. ಆ ವಾಲ್ವ್ ಸೋರುತ್ತಿದ್ದರೆ ಹೊಗೆ ಇಂಜಿನ್ನಿನ ಒಳಗೆ ಹೋಗಿ ಏರ್ ಫಿಲ್ಟರ್ ಕಡೆ ಸೇರುತ್ತದೆ. ಕಾರಿನ ಕೆಳಗೆ ಎಷ್ಟು ಹುಡುಕಿದರೂ ಕಾಣುವುದಿಲ್ಲ.

ವಾಲ್ವ್ ಕೆಟ್ಟಿದೆ ಎಂದು ತೀರ್ಪು ಕೊಡುವ ಮೊದಲು ಅದಕ್ಕೆ ಸರಿಯಾಗಿ ಕರೆಂಟ್ ಬರುತ್ತಿದೆಯಾ ನೋಡಬೇಕು. ಕನೆಕ್ಟರಿನಲ್ಲಿ ತುಕ್ಕು ಹಿಡಿದು ವೋಲ್ಟೇಜ್ ಕಡಿಮೆಯಾದರೂ ವಾಲ್ವ್ ಪೂರ್ತಿ ಮುಚ್ಚಲಿಕ್ಕಿಲ್ಲ. ಕನೆಕ್ಟರ್ ಹಾಕಿಕೊಂಡೇ, ವಾಲ್ವ್ ಕೆಲಸ ಮಾಡುತ್ತಿರುವಾಗಲೇ ಅಳೆದೆವು. ಬ್ಯಾಟರಿಯ ವೋಲ್ಟೇಜ್ ಪೂರ್ತಿ ಬರುತ್ತಿತ್ತು, ಗ್ರೌಂಡ್ ಚೆನ್ನಾಗಿತ್ತು, ಕಾಯಿಲಿನ ರೆಸಿಸ್ಟೆನ್ಸ್ ಸರ್ವಿಸ್ ಪುಸ್ತಕದ ಮಿತಿಯಲ್ಲಿತ್ತು. ಟಕ್ ಸದ್ದು ಬಂದರೆ ವಾಲ್ವ್ ಸರಿ ಇದೆ ಎನ್ನುವ ನಂಬಿಕೆ ಬಹಳ ಕಡೆ ಇದೆ. ಆ ಸದ್ದಿನಿಂದ ಗೊತ್ತಾಗುವುದು ಒಳಗಿನ ಕಡ್ಡಿ ಅಲುಗಿತು ಎಂಬುದಷ್ಟೇ.

ಕೊನೆಗೆ ಕ್ಲಾಂಪ್ ತೆಗೆದು, ವಾಲ್ವನ್ನು ಸ್ಕ್ಯಾನರಿನಿಂದ ಮುಚ್ಚಿಸಿ, ಹೊಗೆ ಹಾಕಿದೆವು. ಒತ್ತಡ ಅರ್ಧ ಪಿಎಸ್‌ಐ ಮೀರದಂತೆ ನೋಡಿಕೊಂಡೆವು. ಗ್ಯಾರೇಜಿನ ಕಂಪ್ರೆಸರಿನಿಂದ ನೇರ ಗಾಳಿ ಹೊಡೆಯುವ ಯೋಚನೆಯನ್ನೂ ಯಾರೂ ಮಾಡಬಾರದು. ಸೀಲುಗಳು ಹರಿಯುತ್ತವೆ, ಅದಕ್ಕಿಂತ ಹೆಚ್ಚಾಗಿ ಪೆಟ್ರೋಲ್ ಆವಿಯ ಜೊತೆ ಗಾಳಿ ಸೇರಿದರೆ ಬೆಂಕಿಗೆ ಬೇಕಾದ ಮಿಶ್ರಣ ತಯಾರಾಗುತ್ತದೆ. ನಾವು ನೈಟ್ರೋಜನ್ ಬಳಸಿದೆವು. ಇಲ್ಲಿನ ಮನೆಗಳಲ್ಲಿ ನೀರು ಕಾಯಿಸುವ ಗ್ಯಾಸ್ ಹೀಟರ್ ಗ್ಯಾರೇಜಿನಲ್ಲೇ ಇರುವುದುಂಟು, ಅದರೊಳಗೆ ಸಣ್ಣ ಜ್ವಾಲೆ ಸದಾ ಉರಿಯುತ್ತಿರಬಹುದು. ಅದಕ್ಕೇ ಕೆಲಸ ಹೊರಗೆ ಅಂಗಳದಲ್ಲಿ, ಗಾಳಿ ಬೀಸದ ಹೊತ್ತಿನಲ್ಲಿ ಮಾಡಿದೆವು. ಕೆಲವು ನಿಮಿಷದ ಮೇಲೆ ವೆಂಟ್ ವಾಲ್ವಿನ ಬಾಯಿಂದ ತೆಳ್ಳನೆ ಹೊಗೆಯ ಎಳೆ ಹೊರಟಿತು. ಟಾರ್ಚ್ ಅಡ್ಡ ಹಿಡಿಯದಿದ್ದರೆ ಕಾಣುತ್ತಿರಲಿಲ್ಲ.

ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಒಳಗಿನ ಉಕ್ಕಿನ ಕಡ್ಡಿಗೆ ತುಕ್ಕು ಹಿಡಿದಿತ್ತು. ರಬ್ಬರ್ ಕೂರುವ ಜಾಗದಲ್ಲಿ ತುಕ್ಕಿನ ಪುಡಿ, ಉಪ್ಪಿನ ಬಿಳಿ ಕಲೆ ಇತ್ತು. ರಬ್ಬರಿನ ಮೇಲೆ ಗೀರು ಬಿದ್ದಿತ್ತು. ಸ್ಪ್ರೇ ಹೊಡೆದು ಒರೆಸಿ ಮತ್ತೆ ಹಾಕುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಗೀರು ಬಿದ್ದ ರಬ್ಬರ್ ಚಳಿಗೆ ಗಡುಸಾದಾಗ ಮತ್ತೆ ಸೋರುತ್ತದೆ. ಹೊಸ ಒರಿಜಿನಲ್ ವಾಲ್ವ್ ತರಿಸಿದೆವು. ಕ್ಯಾನಿಸ್ಟರಿಗೆ ಹೇಳಿದ ಬೆಲೆಯ ಒಂದು ಸಣ್ಣ ಪಾಲೂ ಆಗಲಿಲ್ಲ.

ವಾಲ್ವ್ ಹಾಕಿ ಕೈತೊಳೆದುಕೊಂಡಿದ್ದರೆ ಕೆಲಸ ಅರ್ಧವೇ ಆಗುತ್ತಿತ್ತು. ಉಪ್ಪುನೀರು ಒಳಗೆ ಹೋದದ್ದು ಹೇಗೆ? ವಾಲ್ವಿನ ಹೊರಬಾಯಿಗೆ ಒಂದು ಗಾಳಿ ಪೈಪ್ ಇದೆ. ಅದು ಚಾಸಿಯ ಒಳಮೂಲೆಯಲ್ಲಿ, ನೀರು ಎರಚದ ಎತ್ತರದಲ್ಲಿ ತೆರೆದುಕೊಳ್ಳಬೇಕು. ಅದನ್ನು ಹಿಡಿದಿಡುವ ಕ್ಲಿಪ್ ಮುರಿದು ಪೈಪ್ ಕೆಳಗೆ ಜೋತುಬಿದ್ದು, ಹಿಂದಿನ ಚಕ್ರದ ಕಡೆ ಬಾಯಿ ತೆರೆದಿತ್ತು. ಚಕ್ರ ಎರಚಿದ ನೀರೆಲ್ಲ ಅದರೊಳಗೆ ಹೋಗುತ್ತಿತ್ತು. ಪೈಪ್ ತೊಳೆದು, ಒಣಗಿಸಿ, ಹೊಸ ಕ್ಲಿಪ್ಪಿನಿಂದ ಮೂಲ ಜಾಗಕ್ಕೆ ಕಟ್ಟಿದೆವು. ಇದನ್ನು ಬಿಟ್ಟಿದ್ದರೆ ಹೊಸ ವಾಲ್ವಿಗೂ ಇದೇ ಗತಿ ಬರುತ್ತಿತ್ತು.

ವ್ಯಾಕ್ಯೂಮ್ ಪರೀಕ್ಷೆ ಮತ್ತೆ ಮಾಡಿದೆವು, ಕ್ಲಾಂಪ್ ಇಲ್ಲದೆ. ನಿಂತಿತು. ಕೋಡ್ ಅಳಿಸಿದೆವು.

ಕೋಡ್ ಅಳಿಸಿದರೆ ಎಲ್ಲ ಮಾನಿಟರ್‌ಗಳೂ ಸೊನ್ನೆಯಿಂದ ಶುರು. ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ಮಾರ್ಗಸೂಚಿಯಂತೆ 2001 ಮತ್ತು ನಂತರದ ಕಾರುಗಳಲ್ಲಿ ಒಂದು ಮಾನಿಟರ್ ಅಪೂರ್ಣ ಇದ್ದರೂ ಪರೀಕ್ಷೆಗೆ ನಡೆಯುತ್ತದೆ. ಇವ್ಯಾಪ್ ಮಾನಿಟರ್ ಸಾಮಾನ್ಯವಾಗಿ ಎಲ್ಲಕ್ಕಿಂತ ತಡವಾಗಿ ಮುಗಿಯುತ್ತದೆ. ಇದನ್ನು ತಿಳಿದ ಪರಿಚಿತರೊಬ್ಬರು ಮಾರ್ಚಿನಲ್ಲೇ ಒಡತಿಗೆ ಉಪಾಯ ಹೇಳಿದ್ದರು. ಕೋಡ್ ಅಳಿಸಿ, ಉಳಿದ ಮಾನಿಟರ್ ಮುಗಿಯುವಷ್ಟು ಓಡಿಸಿ, ಲೈಟ್ ಮತ್ತೆ ಬರುವುದರೊಳಗೆ ಪರೀಕ್ಷೆ ಮುಗಿಸಿಬಿಡಿ ಎಂದು. ಅವರು ಹಾಗೆ ಮಾಡಲಿಲ್ಲ. "ಸರ್ಟಿಫಿಕೇಟ್ ಸಿಗಬಹುದು, ಆದ್ರೆ ಸೋರೋದು ನಿಲ್ಲಲ್ಲ ಅಲ್ವಾ ಅಣ್ಣಾ" ಅಂದರು. ನನಗೆ ಆ ಮಾತು ತುಂಬಾ ಇಷ್ಟವಾಯಿತು. ನಾವು ಉಸಿರಾಡುವ ಗಾಳಿಗಾಗಿ ಇರುವ ನಿಯಮ ಇದು. ವಿನಾಯಿತಿ ಇರುವುದು ರಿಪೇರಿ ಮಾಡಿಸಿದವರಿಗೆ ಅನುಕೂಲವಾಗಲಿ ಎಂದು, ತಪ್ಪಿಸಿಕೊಳ್ಳುವುದಕ್ಕಲ್ಲ.

ಟ್ಯಾಂಕ್ ಅರ್ಧದ ಮೇಲೆ ಇಟ್ಟುಕೊಳ್ಳಿ, ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡಿ ಆಫೀಸಿಗೆ ಹೋಗುವಂತೆ ಸಮನಾಗಿ ಓಡಿಸಿ ಎಂದು ಹೇಳಿದ್ದೆ. ಏಪ್ರಿಲಿನ ಹವೆಯೂ ಒದಗಿ ಬಂತು. ಇವ್ಯಾಪ್ ಮಾನಿಟರ್ ಪೂರ್ಣಗೊಂಡಿತು, ಬರಲಿರುವ ಕೋಡುಗಳ ಪಟ್ಟಿಯೂ ಖಾಲಿ ಇತ್ತು. ಲೈಟ್ ಹತ್ತುವ ಮೊದಲು ಕೋಡ್ ಆ ಪಟ್ಟಿಗೇ ಬರುವುದು. ಎರಡನೇ ಸಲವೂ ಫೇಲ್ ಆದರೆ ಮಾತ್ರ ಲೈಟ್ ಹತ್ತುತ್ತದೆ. ಹಾಗಾಗಿ ಆ ಪಟ್ಟಿ ನೋಡದೆ ಕಾರು ವಾಪಸ್ ಕೊಡಬಾರದು. ಕಾರು ಎಲ್ಲ ಮಾನಿಟರ್ ಪೂರ್ಣವಾಗಿಯೇ ಪರೀಕ್ಷೆಗೆ ಹೋಗಿ ಪಾಸಾಯಿತು.

ಒಡತಿ ಗ್ಯಾರೇಜಿಗೂ ವಿಷಯ ತಿಳಿಸಿದರು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಪರ್ಜ್ ವಾಲ್ವಿನ ಕೂಲಿ ಹಣ ವಾಪಸ್ ಕೊಟ್ಟರು.

ಕಾರಿನ ಕೆಳಗೆ ಮಲಗಿದ್ದಾಗ ಇನ್ನೊಂದು ವಿಷಯ ಕಂಡಿತ್ತು, ಅದನ್ನು ಅವರ ಸರ್ವಿಸ್ ಪುಸ್ತಕದಲ್ಲಿ ಬರೆದುಕೊಟ್ಟಿದ್ದೇನೆ. ಮುಚ್ಚಳದಿಂದ ಟ್ಯಾಂಕಿಗೆ ಇಳಿಯುವ ಉಕ್ಕಿನ ಪೈಪ್ ಮೇಲೆ, ಪ್ಲಾಸ್ಟಿಕ್ ಕವಚದ ಹಿಂದೆ, ತುಕ್ಕು ಶುರುವಾಗಿದೆ. ಇನ್ನೂ ತೂತು ಬಿದ್ದಿಲ್ಲ. ಆ ಕವಚದ ಹಿಂದೆ ಹಿಮ, ಉಪ್ಪು, ಮಣ್ಣು ಸೇರಿಕೊಂಡು ಬೇಸಿಗೆವರೆಗೂ ಒದ್ದೆಯಾಗಿರುತ್ತದೆ. ಚಳಿಗಾಲ ಮುಗಿದ ಕೂಡಲೇ ಕವಚ ಬಿಚ್ಚಿ ನೀರಿನಿಂದ ತೊಳೆಯಬೇಕು. ಮುಂದೆ ಎಂದಾದರೂ ಈ ಕಾರಿಗೆ ಪಿ0442 ಅಥವಾ ಪಿ0455 ಬಂದರೆ, ಮೊದಲು ನೋಡಬೇಕಾದ ಜಾಗ ಅದು.